ಕೇಳಿಯೇ ಹೋಗು, ಮಗಳೇ

ದೋರನಹಳ್ಳಿ

ಚಿ. ಮಗಳಿಗೆ, ನಿನ್ನ ಕಾಕಾನಿಂದ.

ನಿನ್ನವ್ವ ಈಗಿನಿಂದಲೇ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟಿಕೊಡುವ ಲೆಕ್ಕ ಹಾಕುತ್ತಿದ್ದಾಳೆ. ಕಲಬುರಗಿಯಲ್ಲಿ ನರ್ಸಿಂಗ್ ಓದಿದ ಮಗಳು ಡಲ್ಲಾಸಿಗೆ ಸೊಸೆಯಾಗಿ ಹೋಗುತ್ತಾಳೆಂದು ಓಣಿಗೆಲ್ಲ ಹೇಳಿ ಬಂದಿದ್ದಾಳೆ. ನನಗೂ ಸಂತೋಷವೇ. ಆದರೆ ಒಂದು ಮಾತು ಒಳಗೇ ಕೊರೆಯುತ್ತಿದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಗುತ್ತೀ ಎಂದು ಕಾಗದ ಹಿಡಿದೆ.

ಹಿಂದೆಲ್ಲ ಹೆಣ್ಣು ಕೊಡುವಾಗ ಹಿರಿಯರು ಹೊಲ ಎಷ್ಟು ಎಕರೆ ಎಂದು ಕೇಳುತ್ತಿದ್ದರು. ನಾರಾಯಣಪುರದ ಕಾಲುವೆ ಶಹಾಪುರ, ಸುರಪುರದ ಕಡೆ ಕೃಷ್ಣೆಯ ನೀರು ತಂದ ಮೇಲೆ ಪ್ರಶ್ನೆಯೇ ಬದಲಾಯಿತು: ನೀರಾವರಿಯೋ, ಖುಷ್ಕಿಯೋ? ನಿನ್ನ ಅಜ್ಜನಂತೂ ಹೊಲಕ್ಕೆ ನೀರು ಹಾಯುವುದನ್ನು ಕಣ್ಣಾರೆ ಕಂಡು ಬಂದೇ ನಿನ್ನ ಸೋದರತ್ತೆಯನ್ನು ಕೊಟ್ಟ. ಈಗ ಅಮೆರಿಕದ ವರ ಎಂದರೆ ನಾವು ಸಂಬಳ ಕೇಳಿ ಸುಮ್ಮನಾಗುತ್ತೇವೆ. ವೀಸಾ ಯಾವುದು ಎಂದು ಕೇಳುವವರಿಲ್ಲ.

ಹುಡುಗ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದಾನೆ. ಅವನ ಹೆಂಡತಿಯಾಗಿ ನಿನಗೆ ಸಿಗುವುದು ಎಚ್-4. ಅದರಲ್ಲಿ ಇರಬಹುದು, ಓದಬಹುದು. ದುಡಿಯಲು ಬೇರೆ ಪರವಾನಗಿ ಬೇಕು. 2015ರ ಮೇ 26ರ ತನಕ ಆ ದಾರಿಯೂ ಇರಲಿಲ್ಲ. ಈಗಲೂ ಎಲ್ಲರಿಗೂ ಇಲ್ಲ. ಗಂಡನ ಗ್ರೀನ್ ಕಾರ್ಡಿಗೆಂದು ಹಾಕಿದ ಐ-140 ಅರ್ಜಿ ಮಂಜೂರಾಗಿರಬೇಕು. ಇಲ್ಲವೇ ಗ್ರೀನ್ ಕಾರ್ಡಿನ ಕೆಲಸ ನಡೆದಿದೆ ಎಂಬ ಕಾರಣಕ್ಕೆ ಅವನ ವೀಸಾ ಆರು ವರ್ಷದಾಚೆಗೂ ಮುಂದುವರಿದಿರಬೇಕು. ಕಂಪನಿಯೇ ವರ್ಗ ಮಾಡಿ ಕರೆಸಿಕೊಂಡ ಎಲ್-1ನವರ ಹೆಂಡತಿಯರಿಗೆ ಈ ತಾಪತ್ರಯವಿಲ್ಲ. 2021ರ ನವೆಂಬರಿನಿಂದ ಅವರಿಗೆ ಎಲ್-2 ಜೊತೆಗೇ ದುಡಿಮೆಯ ಹಕ್ಕು ಬರುತ್ತದೆ. ಅದು ನೀರಾವರಿ ಹೊಲ, ನಿನ್ನದು ಖುಷ್ಕಿ.

ಪರವಾನಗಿ ಕೈಗೆ ಬಂದರೂ ಮೈಮರೆಯುವಂತಿಲ್ಲ. ನವೀಕರಣಕ್ಕೆ ಅರ್ಜಿ ಹಾಕಿ ಹಳೆಯ ಪರವಾನಗಿ ಕಾರ್ಡಿನ ಮೇಲೆಯೇ ಕೆಲಸ ಮುಂದುವರಿಸುವ ಸವಲತ್ತು 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಇಲ್ಲವಾಯಿತು. ಅವಧಿ ತೀರುವುದಕ್ಕೆ 180 ದಿನ ಮೊದಲೇ ಅರ್ಜಿ ಹಾಕಲು ಬರುತ್ತದೆ, ನೆನಪಿಟ್ಟುಕೋ. ಇನ್ನು ಡಲ್ಲಾಸಿನಲ್ಲಿ ನರ್ಸ್ ಆಗಲು ಎನ್‌ಕ್ಲೆಕ್ಸ್ ಪಾಸಾಗಿ ಟೆಕ್ಸಾಸಿನ ಲೈಸೆನ್ಸ್ ಪಡೆಯಬೇಕು. ಆ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ವಿಮಾನ ಹತ್ತುವ ಮೊದಲೇ ಅದರ ಕಾಗದಪತ್ರ ಶುರು ಮಾಡು.

ಯವ್ವಾ, ನಾನು ಹೇಳಬೇಕಾದದ್ದು ಇಷ್ಟೇ. ಲಗ್ನದ ತಾರೀಖು ಹಿಡಿಯುವ ಮೊದಲು ಐ-140 ಆಗಿದೆಯೇ ಎಂದು ಹುಡುಗನನ್ನೇ ಕೇಳು. ಆಗಿಲ್ಲ ಎಂದರೂ ಸಂಬಂಧ ಬಿಡು ಎನ್ನುವವನಲ್ಲ ನಾನು. ಎಷ್ಟು ವರ್ಷ ಕಾಯಬೇಕಾದೀತು, ಆ ತನಕ ನೀನು ಏನು ಓದುತ್ತೀ, ಕೈಖರ್ಚು ಹೇಗೆ ಎಂಬುದನ್ನು ಇಬ್ಬರೂ ಬಿಚ್ಚಿ ಮಾತಾಡಿಕೊಳ್ಳಿ. ನಾನು ಕೇಳಿದರೆ ಬೀಗರಿಗೆ ಅನುಮಾನ ಎನಿಸೀತು. ನೀನು ಕೇಳಿದರೆ ಅದು ಸಂಸಾರದ ಮಾತು.

ಅವನು ಏನಂದ, ತಿಳಿಸು.

ನಿನ್ನ ಕಾಕಾ