ಪೆಟ್ರೋಲಿನಲ್ಲಿ ಕಬ್ಬಿನ ಪಾಲು

ಕಬ್ಬು ಅರೆಯುವ ಹಂಗಾಮಿನಲ್ಲಿ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಭಾರತೀನಗರ ಸಮೀಪಿಸಿತೆಂಬುದನ್ನು ಕಣ್ಣಿಗಿಂತ ಮೊದಲು ಮೂಗು ತಿಳಿಸುತ್ತದೆ. ಅಲ್ಲಿನ ಸಕ್ಕರೆ ಕಾರ್ಖಾನೆಯ ಕಡೆಯಿಂದ ಬರುವ ಆ ಸಿಹಿಹುಳಿ ವಾಸನೆಗೆ ಮುಖ್ಯ ಕಾರಣ ಕಾಕಂಬಿ. ಎಂದರೆ, ಕಬ್ಬಿನ ರಸವನ್ನು ಕಾಯಿಸಿ ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ಪಾಕ. ಈ ಪಾಕದಿಂದ ಇಳಿಸಿದ ಮದ್ಯಸಾರವು ಅದೇ ಬಸ್ಸನ್ನು ಹಿಂದೆ ಹಾಕಿ ಹೋಗುವ ಮೋಟಾರ್ ಸೈಕಲ್ಲಿನ ಟ್ಯಾಂಕಿನಲ್ಲಿಯೂ ಇರಬಹುದು. ಪೆಟ್ರೋಲ್ ಬಂಕುಗಳಲ್ಲಿ ಕಾಣುವ ‘ಇ20’ ಎಂಬ ಗುರುತಿಗೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥನಾಲ್, ಅಂದರೆ ಮದ್ಯಸಾರ, ಎಂದು ಅರ್ಥ. ಹೀಗೆ ಬೆರೆಸಬೇಕೆಂಬುದು ಸರ್ಕಾರದ ನಿಯಮ. ಈ ನಿಯಮವು ಲೀಟರುಗಳಲ್ಲಿ ಮಾತನಾಡುತ್ತದೆ. ಎಂಜಿನಾದರೋ ಲೀಟರನ್ನು ಅರಿಯದು. ಅದಕ್ಕೆ ಬೇಕಾದುದು ಶಾಖ. ಈ ಎರಡು ಲೆಕ್ಕಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

ನಿಯಮವು ಇತ್ತೀಚಿನದೆಂದು ಭಾವಿಸಬಾರದು. ಕೃಷ್ಣರಾಜಸಾಗರದ ನೀರು ಮಂಡ್ಯದ ಬಯಲನ್ನು ಮುಟ್ಟಿದ ಮೇಲೆ ಅಲ್ಲಿ ಕಬ್ಬು ಬೆಳೆಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಸಕ್ಕರೆ ಕಾರ್ಖಾನೆಗಳು ಹೆಚ್ಚಿದಂತೆ ಕಾಕಂಬಿಯನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ದೇಶದಲ್ಲೆಲ್ಲ ಎದ್ದಿತು. ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವಂತೆ ವಿಧಿಸುವ ‘ಪವರ್ ಆಲ್ಕೊಹಾಲ್’ ಕಾನೂನು 1948ರಲ್ಲಿಯೇ ಭಾರತದಲ್ಲಿ ಬಂದಿತ್ತು. 2000ದಲ್ಲಿ ಅದು ರದ್ದಾಯಿತು. ಸ್ವಾರಸ್ಯವೆಂದರೆ, ಮೂರು ವರ್ಷ ತುಂಬುವುದರೊಳಗಾಗಿ, 2003ರ ಜನವರಿಯಿಂದ, ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ ಐದರಂತೆ ಬೆರೆಸಬೇಕೆಂಬ ಹೊಸ ಆದೇಶ ಹೊರಟಿತು! ಆದೇಶ ಹೊರಟರೂ ಮದ್ಯಸಾರ ಸಾಕಷ್ಟು ಒದಗಲಿಲ್ಲ. 2013-14ರಲ್ಲಿ ದೇಶದ ಸರಾಸರಿ ನೂರಕ್ಕೆ ಒಂದೂವರೆಯಷ್ಟೇ ಇತ್ತು. ಆಮೇಲಿನ ಏರಿಕೆ ಬಹು ಬೇಗ ಆಯಿತು. 2022ರ ಜೂನ್ ವೇಳೆಗೆ ಹತ್ತು, 2025ರಲ್ಲಿ ಇಪ್ಪತ್ತು. ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಚಾಲನೆ ದೊರೆತದ್ದು ಬೆಂಗಳೂರಿನಲ್ಲಿ.

ಇನ್ನು ಕಾಕಂಬಿ ಮದ್ಯಸಾರವಾಗುವ ಬಗೆ. ಕಾಕಂಬಿಗೆ ನೀರು ಸೇರಿಸಿ ತೆಳುವಾಗಿಸಿ ಯೀಸ್ಟನ್ನು ಹಾಕಿದರೆ, ಆ ಸೂಕ್ಷ್ಮಜೀವಿಯು ಸಕ್ಕರೆಯನ್ನು ಒಡೆಯುತ್ತದೆ. 180 ಗ್ರಾಂ ಗ್ಲೂಕೋಸಿನಿಂದ ಲೆಕ್ಕಪ್ರಕಾರ 92 ಗ್ರಾಂ ಮದ್ಯಸಾರವೂ 88 ಗ್ರಾಂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ತೂಕದಲ್ಲಿ ಹೆಚ್ಚುಕಡಮೆ ಅರ್ಧ ಗಾಳಿಗೆ ಹೋಯಿತು. ಆದರೆ ಶಾಖ ಹೋಯಿತೇ? ಇಲ್ಲ. 180 ಗ್ರಾಂ ಗ್ಲೂಕೋಸನ್ನು ಉರಿಸಿದರೆ ಸುಮಾರು 2,800 ಕಿಲೋಜೌಲ್ ಶಾಖ ಬರುತ್ತದೆ. ಅದರಿಂದಾದ 92 ಗ್ರಾಂ ಮದ್ಯಸಾರವನ್ನು ಉರಿಸಿದರೆ ಸುಮಾರು 2,730! ಯೀಸ್ಟ್ ತನ್ನ ಕೂಲಿಯೆಂದು ಇಟ್ಟುಕೊಳ್ಳುವುದು ನೂರಕ್ಕೆ ಮೂರು ಭಾಗವನ್ನು ಮಾತ್ರ. ಮನುಷ್ಯನು ಕಟ್ಟಿದ ಯಾವ ಎಂಜಿನೂ ಇಷ್ಟು ಕಡಮೆ ಕೂಲಿಗೆ ದುಡಿಯುವುದಿಲ್ಲ.

ಹುದುಗಿದ ದ್ರವವನ್ನು ಭಟ್ಟಿ ಇಳಿಸಿದಾಗ ಒಂದು ತೊಡಕು ಎದುರಾಗುತ್ತದೆ. ಮದ್ಯಸಾರ ಕುದಿಯುವುದು 78.3 ಡಿಗ್ರಿ ಸೆಂಟಿಗ್ರೇಡಿನಲ್ಲಿ, ನೀರು ನೂರರಲ್ಲಿ. ಆದ್ದರಿಂದ ಮತ್ತೆ ಮತ್ತೆ ಭಟ್ಟಿ ಇಳಿಸಿ ನೀರನ್ನೆಲ್ಲ ಕಳೆಯಬಹುದೆಂದು ತೋರುತ್ತದೆ. ಆದರೆ ತೂಕದಲ್ಲಿ ನೂರಕ್ಕೆ 95.6 ಭಾಗ ಮದ್ಯಸಾರವಾದೊಡನೆ ಆವಿಯಲ್ಲಿಯೂ ದ್ರವದಲ್ಲಿಯೂ ನೀರಿನ ಪ್ರಮಾಣ ಒಂದೇ ಆಗಿಬಿಡುತ್ತದೆ. ಮುಂದೆ ಎಷ್ಟು ಕುದಿಸಿದರೂ ಪ್ರಯೋಜನವಿಲ್ಲ. ಉಳಿದ ನೀರನ್ನು ತೆಗೆಯದಿದ್ದರೆ ಪೆಟ್ರೋಲಿನೊಡನೆ ಬೆರೆಸಿದ ಮೇಲೆ ಅದು ಮದ್ಯಸಾರವನ್ನು ತನ್ನೆಡೆಗೆ ಸೆಳೆದುಕೊಂಡು ಟ್ಯಾಂಕಿನ ತಳದಲ್ಲಿ ಪ್ರತ್ಯೇಕ ಪದರವಾಗಿ ನಿಲ್ಲಬಹುದು. ಇಂದಿನ ಕಾರ್ಖಾನೆಗಳು ಜಿಯೋಲೈಟ್ ಎಂಬ ಖನಿಜದ ಗುಳಿಗೆಗಳ ಮೂಲಕ ಆವಿಯನ್ನು ಹಾಯಿಸುತ್ತವೆ. ಅದರ ರಂಧ್ರದ ಅಗಲ ಸುಮಾರು ಮೂರು ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ನೀರಿನ ಅಣು ಅದರೊಳಗೆ ನುಸುಳಿ ಸಿಕ್ಕಿಕೊಳ್ಳುತ್ತದೆ. ಮದ್ಯಸಾರದ ಅಣು ದೊಡ್ಡದಾದುದರಿಂದ ಹೊರಗೇ ಉಳಿದು ಮುಂದಕ್ಕೆ ಹರಿಯುತ್ತದೆ. ಹಿಟ್ಟು ಜರಡಿ ಹಿಡಿಯುವ ಉಪಾಯವೇ ಇದು, ಅಣುಗಳ ಮಟ್ಟದಲ್ಲಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಲೀಟರ್ ಪೆಟ್ರೋಲ್ ಎಂಜಿನಿನಲ್ಲಿ ಉರಿದರೆ ಸುಮಾರು 32 ಮೆಗಾಜೌಲ್ ಶಾಖ. ಒಂದು ಲೀಟರ್ ಮದ್ಯಸಾರಕ್ಕೆ ಸುಮಾರು 21. ಮದ್ಯಸಾರದ ಅಣುವಿನಲ್ಲಿ ಆಮ್ಲಜನಕ ಆಗಲೇ ಸೇರಿರುವುದೇ ಇದಕ್ಕೆ ಕಾರಣ. ಅದು ಅರೆ ಉರಿದ ಸೌದೆಯಂತೆ. ಇ20ರ ಒಂದು ಲೀಟರಿನಲ್ಲಿ 800 ಮಿಲಿಲೀಟರ್ ಪೆಟ್ರೋಲ್ 25.6 ಮೆಗಾಜೌಲನ್ನೂ 200 ಮಿಲಿಲೀಟರ್ ಮದ್ಯಸಾರ 4.2ನ್ನೂ ಕೊಡುತ್ತವೆ. ಒಟ್ಟು 29.8. ಎಂದರೆ, ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಏಳರಷ್ಟು ಕಡಮೆ. ಇನ್ನೊಂದು ಮಾತನ್ನೂ ಗಮನಿಸಿರಿ: ಲೀಟರಿನಲ್ಲಿ ನೂರಕ್ಕೆ ಇಪ್ಪತ್ತಾಗಿದ್ದ ಮದ್ಯಸಾರದ ಪಾಲು ಶಾಖದಲ್ಲಿ ಹದಿನಾಲ್ಕಕ್ಕೆ ಇಳಿಯಿತು. ವಿದೇಶದಿಂದ ತರಿಸುವ ತೈಲ ಉಳಿಯುವುದೂ ಈ ಎರಡನೆಯ ಲೆಕ್ಕದಂತೆಯೇ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮರೆಯುವುದು ಶಾಸ್ತ್ರಸಮ್ಮತವಲ್ಲ.

ಆದರೂ ಗಾಡಿಯ ಓಟ ಏಳರಷ್ಟೇ ಕುಗ್ಗಬೇಕೆಂದಿಲ್ಲ. ಹಳೆಯ ಬಗೆಯ ಕಾರುಗಳಲ್ಲಿ ನೂರಕ್ಕೆ 6-7, ದ್ವಿಚಕ್ರ ವಾಹನಗಳಲ್ಲಿ 3-4, ತಕ್ಕಂತೆ ಹೊಂದಿಸಿದ ಹೊಸ ಕಾರುಗಳಲ್ಲಿ 1-2ರಷ್ಟು ಕುಗ್ಗಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿ ಅಂದಾಜು ಮಾಡಿತು. ಮದ್ಯಸಾರದ ಆಕ್ಟೇನ್ ಸಂಖ್ಯೆ ನೂರನ್ನು ಮೀರುತ್ತದೆ, ಗುಪ್ತೋಷ್ಣವೂ ಪೆಟ್ರೋಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆವಿಯಾಗುವಾಗ ಅದು ಸಿಲಿಂಡರಿನೊಳಗಿನ ಗಾಳಿಯನ್ನು ತಣಿಸುತ್ತದೆ. ಆದುದರಿಂದ ‘ನಾಕಿಂಗ್’ ಎಂಬ ಬಡಿತವಿಲ್ಲದೆ ಮಿಶ್ರಣವನ್ನು ಹೆಚ್ಚು ಒತ್ತಬಹುದು, ಹೆಚ್ಚು ಒತ್ತಿದರೆ ಶಾಖದ ಹೆಚ್ಚಿನ ಭಾಗ ಕೆಲಸವಾಗುತ್ತದೆ. ಆದರೆ ಈ ಲಾಭ ದೊರೆಯುವುದು ಅದಕ್ಕೆಂದೇ ನಿರ್ಮಿಸಿದ ಎಂಜಿನಿಗೆ. ಹತ್ತು ವರ್ಷದ ಹಿಂದಿನ ಸ್ಕೂಟರಿನ ಯಜಮಾನನಿಗೆ ಉಳಿಯುವುದು ನಷ್ಟದ ಲೆಕ್ಕ ಮಾತ್ರ. ಹಳೆಯ ರಬ್ಬರ್ ಕೊಳವೆಗಳ ಚಿಂತೆಯೂ ಅವನದೇ. ಅವನ ದೂರನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಮೂರನೆಯ ಲೆಕ್ಕವೊಂದು ಇದೆ. ಮಂಡ್ಯ ಜಿಲ್ಲೆಯವರಿಗೆ ಅದೇ ಎಲ್ಲಕ್ಕಿಂತ ಹತ್ತಿರದ್ದು. ಅದು ನೀರಿನದು. ಒಂದು ಕಿಲೋ ಸಕ್ಕರೆಗೆ 1,600ರಿಂದ 2,000 ಲೀಟರ್ ನೀರು ಬೇಕೆಂದು ಅದೇ ವರದಿ ಹೇಳುತ್ತದೆ. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಸಕ್ಕರೆ, ಅಥವಾ ರಸವನ್ನು ನೇರವಾಗಿ ಹುದುಗಿಸಿದರೆ ಸುಮಾರು 70 ಲೀಟರ್ ಮದ್ಯಸಾರ. ಎರಡು ಲಕ್ಷ ಲೀಟರ್ ನೀರನ್ನು ಎಪ್ಪತ್ತರಿಂದ ಭಾಗಿಸಿದರೆ, ಒಂದು ಲೀಟರ್ ಮದ್ಯಸಾರಕ್ಕೆ 2,850 ಲೀಟರಿನಷ್ಟು ನೀರು! ಕಾಕಂಬಿಯ ದಾರಿ ಬೇರೆ. ಅಲ್ಲಿ ಸಕ್ಕರೆ ಮೊದಲೇ ಕೈಸೇರಿರುತ್ತದೆ, ನೀರಿನ ಲೆಕ್ಕವೂ ಬಹುಮಟ್ಟಿಗೆ ಅದರ ಖಾತೆಗೆ ಸೇರಿರುತ್ತದೆ. ಆದರೆ ಟನ್ನಿಗೆ ದೊರೆಯುವ ಮದ್ಯಸಾರ ಹತ್ತು ಲೀಟರಿನ ಆಸುಪಾಸು ಮಾತ್ರ. ನೂರಕ್ಕೆ ಐದು ಬೆರೆಸುವಾಗ ಕಾಕಂಬಿಯನ್ನು ನಂಬಬಹುದಿತ್ತು. ಇಪ್ಪತ್ತಕ್ಕೆ ಅದು ಸಾಲದು. ಆದ ಕಾರಣವೇ 2018ರ ರಾಷ್ಟ್ರೀಯ ನೀತಿಯು ಕಬ್ಬಿನ ರಸಕ್ಕೂ ಧಾನ್ಯಗಳಿಗೂ ಬಾಗಿಲು ತೆರೆಯಿತು. ಇಂದು ಈ ಮದ್ಯಸಾರದ ದೊಡ್ಡ ಪಾಲು ಮುಸುಕಿನ ಜೋಳ ಮತ್ತು ಅಕ್ಕಿಯಿಂದ ಬರುತ್ತಿದೆ.

ಹಿಂದೆ ಇರ್ವಿನ್ ನಾಲೆ ಎನಿಸಿದ್ದ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ರೈತರಿಗೆ ಈ ಅಂಕೆಗಳನ್ನು ವಿವರಿಸಬೇಕಾಗಿಲ್ಲ. ಮಳೆ ತಪ್ಪಿದ ವರ್ಷ ನೀರು ಅವರನ್ನು ಕಡೆಗೆ ಮುಟ್ಟುತ್ತದೆ, ಕೆಲವೊಮ್ಮೆ ಮುಟ್ಟುವುದೇ ಇಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಕಬ್ಬಿನ ಇಳುವರಿಯ ಬಗ್ಗೆ ಆತಂಕ ಹುಟ್ಟಿದಾಗ, ಕೇಂದ್ರ ಸರ್ಕಾರವು ಆ ಡಿಸೆಂಬರಿನಲ್ಲಿ ರಸದಿಂದ ಮದ್ಯಸಾರ ಮಾಡುವುದನ್ನು ಮೊದಲು ತಡೆದು, ಒಂದು ವಾರದ ಮೇಲೆ ಮಿತಿಯೊಳಗೆ ಒಪ್ಪಿತು. 2024ರ ಜುಲೈ ತಿಂಗಳಲ್ಲಿ ಕೃಷ್ಣರಾಜಸಾಗರ 124.80 ಅಡಿಯ ತನ್ನ ಗರಿಷ್ಠ ಮಟ್ಟವನ್ನು ಮುಟ್ಟಿತು. ಮುಂದಿನ ತಿಂಗಳಲ್ಲಿಯೇ ಆ ನಿರ್ಬಂಧವನ್ನೂ ತೆಗೆಯಲಾಯಿತು.