ಹಳೆ ಮರಕ್ಕೆ ಹೊಸ ಮೆರುಗು: ಒಂಬತ್ತು ಸೂತ್ರಗಳು

ಅಟ್ಟ ಸೇರಿದ ತೇಗದ ಕುರ್ಚಿ, ಅಜ್ಜಿ ಕಾಲದ ಬೀಟೆ ಪೆಟ್ಟಿಗೆ, ಹಲಸಿನ ಹಲಗೆಯ ಮೇಜು. ಇವನ್ನು ಗುಜರಿಗೆ ಹಾಕುವ ಮೊದಲು ಅದೇ ಮರವನ್ನು ಇವತ್ತು ಕೊಳ್ಳಲು ಎಷ್ಟಾಗುತ್ತದೆಂದು ವಿಚಾರಿಸಿ ನೋಡಿ. ಹಾಗೆಂದು ಡಬ್ಬಿ ತಂದು ಮೇಲಿಂದ ಮೇಲೆ ಬಳಿದರೆ ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಮುಕ್ಕಾಲು ಪಾಲು ಕೆಲಸ ಬ್ರಷ್ ಹಿಡಿಯುವ ಮೊದಲೇ ಇದೆ.

1. ಹಳೆಯ ಲೇಪ ಯಾವುದೆಂದು ತಿಳಿಯಿರಿ
ಕಣ್ಣಿಗೆ ಬೀಳದ ಮೂಲೆಯೊಂದನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ. ಅಂಟಂಟಾಗಿ ಬಿಟ್ಟುಕೊಂಡರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್‌ನಂಥ ಗಟ್ಟಿ ಲೇಪ ಇರಬಹುದು. ಅರಗಿನದಾದರೆ ಕೆರೆಯುವ ಗೋಜೇ ಇಲ್ಲ, ಸ್ಪಿರಿಟ್ ಬಟ್ಟೆಯಿಂದ ಒರೆಸಿದರೆ ಸಾಕು. ಮೈಸೂರಿನ ಇನ್‌ಲೇ ಕೆಲಸವಿರುವ ಬೀಟೆಯಲ್ಲಿ ಮಾತ್ರ ಜೋಪಾನ: ಬೀಟೆಯ ಬಣ್ಣ ಸ್ಪಿರಿಟ್‌ನಲ್ಲಿ ಕರಗಿ ಪಕ್ಕದ ತಿಳಿ ಬಣ್ಣದ ಚೂರುಗಳಿಗೆ ಹತ್ತುತ್ತದೆ.

2. ಹಳೆ ಪೇಂಟನ್ನು ಒಣದಾಗಿ ಉಜ್ಜಬೇಡಿ
ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದೀತು. ವಾಟರ್ ಪೇಪರ್ ನೆನೆಸಿಕೊಂಡು, ಹೊರಗೆ, ಮಾಸ್ಕ್ ಹಾಕಿಕೊಂಡು ಉಜ್ಜಿ. ಕೊಳೆಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯದಿರಲಿ.

3. ಬಿಚ್ಚಿ, ಆಮೇಲೆ ಬಿಗಿ ಮಾಡಿ
ಹಿಡಿ, ಚಿಲಕ, ಕೀಲುಗಳನ್ನು ಕಳಚಿಡಿ. ಯಾವ ಡ್ರಾಯರ್ ಎಲ್ಲಿಯದೆಂದು ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಹಿತ್ತಾಳೆಗೆ ಹುಣಸೆಹಣ್ಣೇ ಸಾಕು. ಕುರ್ಚಿಯ ಕಾಲು ಅಲ್ಲಾಡುತ್ತಿದ್ದರೆ ಮೊಳೆ ಹೊಡೆಯಬೇಡಿ. ಸಂದಿನ ಹಳೆ ಅಂಟು ಕೆರೆದು, ಹೊಸ ಅಂಟು ಹಚ್ಚಿ, ಕಾಲುಗಳ ಸುತ್ತ ಹಗ್ಗ ಕಟ್ಟಿ. ನಡುವೆ ಕೋಲು ತೂರಿಸಿ ತಿರುಚಿದರೆ ಹಗ್ಗ ಬಿಗಿಯುತ್ತದೆ. ಒಂದು ದಿನ ಹಾಗೇ ಬಿಡಿ.

4. ಹುಳು ಜೀವಂತವೋ ನೋಡಿ
ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಮರ ಕೊರೆಯುವ ಹುಳು ಹೊಕ್ಕಿದೆ. ಪುಡಿ ಒರೆಸಿ, ಅಡಿಯಲ್ಲಿ ಕಪ್ಪು ಕಾಗದ ಹಾಸಿ. ಮತ್ತೆ ಬಿಳಿ ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ. ಮರದ ಹುಳುವಿನ ಔಷಧಿಯನ್ನು ಸಿರಿಂಜಿನಿಂದ ಒಂದೊಂದೇ ತೂತಿಗೆ ಬಿಡಿ. ಪುಡಿ ನಿಂತ ಮೇಲೆಯೇ ಪುಟ್ಟಿ ತುಂಬಿ.

5. ಎಳೆಯ ಗುಂಟ ಉಜ್ಜಿ
ಸ್ಯಾಂಡ್‌ಪೇಪರ್ 120ರಿಂದ ಶುರುಮಾಡಿ, 180 ದಾಟಿ, 220ಕ್ಕೆ ಮುಗಿಸಿ. ಅಡ್ಡಡ್ಡ ಉಜ್ಜಿದ ಗೀರು ಆಗ ಕಾಣದು, ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಕೊನೆಯಲ್ಲಿ ಒದ್ದೆ ಬಟ್ಟೆ ಆಡಿಸಿ, ಒಣಗಿದ ಮೇಲೆ ನೆಟ್ಟಗೆ ನಿಂತ ಎಳೆಗಳನ್ನು ಇನ್ನೊಮ್ಮೆ ಹಗುರವಾಗಿ ಉಜ್ಜಿ. ಪ್ಲೈವುಡ್‌ಗೆ 220 ಮಾತ್ರ, ಅದೂ ಹಗುರ ಕೈಯಲ್ಲಿ. ಮೇಲ್ಪದರ ಕಾಗದದಷ್ಟು ತೆಳು.

6. ಎಲ್ಲದಕ್ಕೂ ಪೇಂಟ್ ಬೇಡ
ತೇಗ, ಬೀಟೆಯ ಎಳೆಯನ್ನು ಪೇಂಟಿನಡಿ ಮುಚ್ಚುವುದು ಶುದ್ಧ ದಂಡ. ಪೇಂಟು ಪ್ಲೈವುಡ್‌ಗೆ, ತೇಪೆ ಬಿದ್ದ ಮರಕ್ಕೆ. ಹಚ್ಚುವುದಾದರೆ ಪ್ರೈಮರ್ ಬಿಡಬೇಡಿ. ಹಲಸಿನಂಥ ಬಣ್ಣ ಬಿಡುವ ಮರದ ಮೇಲೆ ತಿಳಿ ಬಣ್ಣದ ಪೇಂಟು ಕಲೆಗಟ್ಟಬಹುದು. ಮೊದಲು ಎರಡು ಕೋಟ್ ಅರಗಿನ ಪಾಲಿಶ್ ಹಚ್ಚಿದರೆ ಆ ಬಣ್ಣ ತಡೆಯುತ್ತದೆ. ತೇಗದಲ್ಲಿ ಎಣ್ಣೆಯಂಶ ಹೆಚ್ಚು, ಲೇಪ ಕೊಡುವ ತುಸು ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿ.

7. ಬಳಕೆ ನೋಡಿ ಲೇಪ ಆರಿಸಿ
ಅರಗಿನ ಪಾಲಿಶ್‌ಗೆ ಜೇನುಬಣ್ಣದ ಚಂದವಿದೆ, ತಾಳಿಕೆ ಕಡಿಮೆ. ಬಿಸಿ ಕಾಫಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಮೂಡುತ್ತದೆ. ಊಟದ ಮೇಜಿಗೆ ಪಿಯು ಇರಲಿ, ಪೆಟ್ಟಿಗೆ, ಮಂಟಪ, ಕನ್ನಡಿ ಚೌಕಟ್ಟಿಗೆ ಅರಗು. 100 ಗ್ರಾಂ ಅರಗಿನ ಚಕ್ಕೆಯನ್ನು ಅರ್ಧ ಲೀಟರ್ ಸ್ಪಿರಿಟ್‌ನಲ್ಲಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಹಳೆಯ ದ್ರಾವಣವಾದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಮಾರನೆಯ ದಿನವೂ ಅಂಟುತ್ತಿದ್ದರೆ ಚೆಲ್ಲಿ.

8. ತೆಳ್ಳಗೆ ಹಚ್ಚಿ, ಹಲವು ಸಲ ಹಚ್ಚಿ
ಹತ್ತಿಯ ಉಂಡೆಯನ್ನು ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಅರಗಿನ ಪಾಲಿಶ್ ಹಚ್ಚಿ. ಕೈ ಎಲ್ಲಿಯೂ ನಿಲ್ಲದಿರಲಿ, ನಿಂತಲ್ಲಿ ಉಂಡೆ ಕಚ್ಚಿಕೊಂಡು ಗುರುತು ಬಿಡುತ್ತದೆ. ದಪ್ಪಗೆ ಒಂದೇ ಸಲ ಹಚ್ಚುವ ಆಸೆ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ. ಮಳೆಗಾಲದ ತೇವಕ್ಕೆ ಪಾಲಿಶ್ ಮಂಜು ಕವಿದಂತೆ ಬಿಳಚಿಕೊಳ್ಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಮೇಲು, ಕರಾವಳಿ, ಮಲೆನಾಡಿನಲ್ಲಂತೂ ಖಂಡಿತ.

9. ಬೆಂಕಿಯ ಭಯ ಇರಲಿ
ಸ್ಪಿರಿಟ್, ಥಿನ್ನರ್ ಇರುವ ಕಡೆ ಒಲೆ, ದೀಪ, ಊದುಬತ್ತಿ ಬೇಡ. ಕಿಟಕಿ ತೆರೆದಿರಲಿ. ಮರಕ್ಕೆ ಅಗಸೆ ಎಣ್ಣೆ ಹಚ್ಚುವುದಾದರೆ, ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿಯೇ ಬಿಸಾಡಿ. ಕೆಲಸ ಮುಗಿದ ಮೇಲೂ ಅವಸರ ಬೇಡ: ಮುಟ್ಟಿದರೆ ಅಂಟದಿದ್ದರೂ ಒಳಗೆ ಲೇಪ ಇನ್ನೂ ಹಸಿ. ಒಂದು ವಾರವಾದರೂ ಮೇಜಿನ ಮೇಲೆ ಪೇಪರ್ ಹಾಸಬೇಡಿ, ಭಾರ ಇಡಬೇಡಿ. ಇಲ್ಲದಿದ್ದರೆ ಅಂದಿನ ಸುದ್ದಿಯೆಲ್ಲ ಮೇಜಿನ ಮೇಲೆ ಅಚ್ಚಾಗಿ ಉಳಿದೀತು!