ಉಸಿರಿನ ಮಾರ್ಗವೂ ತಾಯಿಯ ಜಾಗರೂಕತೆಯೂ



ಮೊದಲನೆಯ ಮನುಷ್ಯನ ಮಣ್ಣಿನ ದೇಹಕ್ಕೆ ಜೀವವು ಮೂಗಿನ ದ್ವಾರವಾಗಿ ಬಂತೆಂದು ಆದಿಕಾಂಡದ 2ನೆಯ ಅಧ್ಯಾಯದಿಂದ ಬಲ್ಲೆವು. ನಾವು ನಿದ್ರಿಸುವಾಗಲೂ ತಪ್ಪದೆ ನಡೆಯುವ ಈ ಉಸಿರು ದೇವರ ದಾನವೇ. ದಾನವನ್ನು ಹೊಂದಿದವನು ಅದನ್ನು ಕಾಯುವವನೂ ಆಗಿರಬೇಕಷ್ಟೆ. ಆದಕಾರಣ ಉಸಿರು ಯಾವ ದಾರಿಯಿಂದ ಹೋಗುವದು, ಎಲ್ಲಿ ಅದಕ್ಕೆ ತಡೆಯುಂಟಾಗುವದು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಚಿಕ್ಕ ಮಕ್ಕಳುಳ್ಳ ತಾಯಂದಿರು ಇದನ್ನು ಲಕ್ಷ್ಯವಿಟ್ಟು ಓದಲಿ. ಓದು ಬಾರದವರಿಗೆ ಮನೆಯವರು ಓದಿ ಹೇಳಲಿ.

1. ಮೂಗು ಮತ್ತು ಗಂಟಲು. ಮೂಗು ಮನೆಯ ಬಾಗಿಲಿನಂತಿದೆ. ಅದರ ರೋಮಗಳೂ ಒದ್ದೆಯಾದ ಒಳಚರ್ಮವೂ ಧೂಳನ್ನು ಹಿಡಿದುಕೊಂಡು, ಗಾಳಿಯನ್ನು ಬೆಚ್ಚಗೆ ಮಾಡಿ ಒಳಗೆ ಕಳುಹಿಸುವವು. ಗಂಟಲಲ್ಲಿ ಅನ್ನದ ದಾರಿಯೂ ಗಾಳಿಯ ದಾರಿಯೂ ಬೇರೆಯಾಗುವವು. ಗಾಳಿಯ ದಾರಿಯ ಬಾಯಿಗೆ ಎಲೆಯಂಥ ಒಂದು ಮುಚ್ಚಳವುಂಟು. ನುಂಗುವಾಗ ಅದು ಬಾಗಿ ದಾರಿಯನ್ನು ಮುಚ್ಚುವದು. ಅದರ ಕೆಳಗೆ ಧ್ವನಿಪೆಟ್ಟಿಗೆಯಿದೆ. ನಾವು ಮಾತಾಡುವದೂ ಕೀರ್ತನೆ ಹಾಡುವದೂ ಅದರ ಸಹಾಯದಿಂದಲೇ.

2. ಗಾಳಿಕೊಳವೆ. ಇದು ದೊಡ್ಡವರಲ್ಲಿ 10ರಿಂದ 12 ಸೆಂಟಿಮೀಟರು ಉದ್ದವಾಗಿದೆ. ಲಾಳದ ಆಕಾರವುಳ್ಳ 16ರಿಂದ 20 ಮೆದು ಎಲುಬಿನ ಬಳೆಗಳು ಅದು ಕುಸಿಯದಂತೆ ಕಾಯುವವು. ಎದೆಯೊಳಗೆ ಅದು ಎರಡಾಗಿ ಕವಲೊಡೆಯುವದು. ಬಲದ ಕವಲು ಎಡದ್ದಕ್ಕಿಂತ ಅಗಲವಾಗಿಯೂ ನೆಟ್ಟಗೂ ಇದೆ. ಆದದರಿಂದ ಮಗು ಓಡುತ್ತಾ ನಗುತ್ತಾ ತಿನ್ನುವ ಶೇಂಗಾ ಬೀಜವು ದಾರಿ ತಪ್ಪಿದರೆ ಹೆಚ್ಚಾಗಿ ಬಲಗಡೆಯಲ್ಲಿಯೇ ಸಿಕ್ಕಿಕೊಳ್ಳುವದು.

3. ಶ್ವಾಸಕೋಶಗಳು. ಬಲದ ಶ್ವಾಸಕೋಶಕ್ಕೆ 3 ಹಾಲೆಗಳು, ಎಡದ್ದಕ್ಕೆ 2. ಎಡಗಡೆಯಲ್ಲಿ ಹೃದಯಕ್ಕೆ ಸ್ಥಳ ಬೇಕಲ್ಲವೇ? ಇವುಗಳೊಳಗೆ ಗಾಳಿಯ ಕವಲುಗಳು ಬುಡಮೇಲಾದ ಮರದ ಕೊಂಬೆಗಳಂತೆ ಸುಮಾರು 23 ಸಾರಿ ಒಡೆದು, ಕಡೆಗೆ ದ್ರಾಕ್ಷೆಯ ಗೊಂಚಲುಗಳನ್ನು ಹೋಲುವ ಗಾಳಿಗೂಡುಗಳಲ್ಲಿ ಮುಗಿಯುವವು. ಇಂಥ ಗೂಡುಗಳು ಒಬ್ಬ ಮನುಷ್ಯನಲ್ಲಿ ಸುಮಾರು 30ರಿಂದ 50 ಕೋಟಿ ಇರುವವು. ಅವುಗಳ ಗೋಡೆ ಈರುಳ್ಳಿಯ ಪೊರೆಗಿಂತಲೂ ತೆಳುವು. ಗೋಡೆಯ ಆಚೆಯಲ್ಲಿ ರಕ್ತವು ಹರಿಯುವದು. ಅಲ್ಲಿ ಪ್ರಾಣವಾಯುವು ರಕ್ತವನ್ನು ಸೇರಿ, ಅಂಗಾರಾಮ್ಲವಾಯುವು ಹೊರಬೀಳುವದು. ಒಳಗೆ ಹೋಗುವ ಗಾಳಿಯ ನೂರು ಪಾಲಿನಲ್ಲಿ 21 ಪಾಲು ಪ್ರಾಣವಾಯು. ಹೊರಗೆ ಬರುವದರಲ್ಲಿ ಸುಮಾರು 16 ಪಾಲು ಮಾತ್ರ.

4. ವಪೆ. ಶ್ವಾಸಕೋಶಗಳು ತಾವಾಗಿ ಹಿಗ್ಗಲಾರವು. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಬಾಗಿರುವ ವಪೆಯೆಂಬ ಮಾಂಸದ ಪರದೆಯು ಕೆಳಗಿಳಿದು, ಪಕ್ಕೆಲುಬುಗಳು ಮೇಲಕ್ಕೆ ಎದ್ದಾಗ, ಕಮ್ಮಾರನ ತಿದಿಯು ಉಬ್ಬಿದಂತೆ ಎದೆಯು ಹಿಗ್ಗಿ ಗಾಳಿಯು ಒಳಸೇರುವದು. ಸುಮ್ಮನೆ ಕುಳಿತಿರುವ ದೊಡ್ಡವರಲ್ಲಿ ಇದು ನಿಮಿಷಕ್ಕೆ 12ರಿಂದ 20 ಸಾರಿ ನಡೆಯುವದು. ಕೂಸುಗಳಲ್ಲಿ ಇನ್ನೂ ಹೆಚ್ಚು.

5. ಕೂಸಿನ ಉಸಿರು. ನಿಮೋನಿಯಾ ಎಂಬ ರೋಗದಲ್ಲಿ ಗಾಳಿಗೂಡುಗಳು ಕೀವು ನೀರುಗಳಿಂದ ತುಂಬಿ, ಪ್ರಾಣವಾಯುವು ರಕ್ತಕ್ಕೆ ಸಾಲದೆ ಹೋಗುವದು. ಆಗ ಕೂಸು ಬೇಗ ಬೇಗನೆ ಉಸಿರಾಡುವದು. ಆದಕಾರಣ ಕೆಮ್ಮುವ ಕೂಸು ಅಳದೆ, ಹಾಲು ಕುಡಿಯದೆ, ಶಾಂತವಾಗಿರುವಾಗ ಅದರ ಅಂಗಿಯನ್ನು ಎತ್ತಿ, ಗಡಿಯಾರ ನೋಡುತ್ತಾ ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಿರಿ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 2 ತಿಂಗಳಿಗಿಂತ ಚಿಕ್ಕ ಕೂಸಿಗೆ 60, ಒಂದು ವರುಷ ತುಂಬುವ ವರೆಗೆ 50, ಅಲ್ಲಿಂದ 5 ವರುಷದ ವರೆಗೆ 40, ಈ ಲೆಕ್ಕವನ್ನು ಮುಟ್ಟಿದರೆ ಅಥವಾ ಮೀರಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಉಸಿರು ಎಳೆಯುವಾಗ ಎದೆಯ ಕೆಳಭಾಗವು ಒಳಕ್ಕೆ ಸೆಳೆದರೆ, ಕೂಸು ಮೊಲೆಯುಣ್ಣಲಾರದೆ ಹೋದರೆ, ತುಟಿ ನೀಲಿಯಾದರೆ, ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆಮಾಡಿರಿ.

ಕೆಲವು ಕಡೆಗಳಲ್ಲಿ ಇಂಥ ಕೂಸಿಗೆ ಬರೆ ಹಾಕುವ, ತಾಯಿತ ಕಟ್ಟುವ ಪದ್ಧತಿಯು ಇನ್ನೂ ಉಳಿದಿದೆ. ಸುಟ್ಟ ಗಾಯವು ಗಾಳಿಗೂಡಿನ ಕೀವನ್ನು ಹೇಗೆ ತೆಗೆದೀತು? ಅದು ಕೂಸಿಗೆ ನೋವಿನ ಮೇಲೆ ನೋವು ಮಾತ್ರ; ಮದ್ದಿನ ಹೊತ್ತೂ ಕಳೆದುಹೋಗುವದು. ಅಡಿಗೆಯ ವೇಳೆ ಕೂಸನ್ನು ಒಲೆಯ ಹೊಗೆಯಿಂದ ದೂರವಿಡಿರಿ. ಈ ರೋಗದ ಒಂದು ಮುಖ್ಯ ಕಾರಣವನ್ನು ತಡೆಯುವ ನ್ಯುಮೋಕಾಕಸ್ ಲಸಿಕೆಯು 2021ರಿಂದ ದೇಶದ ಎಲ್ಲಾ ಕಡೆಗಳಲ್ಲಿಯೂ ಕೂಸುಗಳಿಗೆ ಧರ್ಮಾರ್ಥವಾಗಿ ದೊರೆಯುತ್ತದೆ, ಅದನ್ನು ತಪ್ಪಿಸಬೇಡಿರಿ.

ಶೂನೇಮಿನ ಆ ತಾಯಿಯನ್ನು ನೆನಸಿರಿ (2 ಅರಸುಗಳು 4). ಮಗನು ಮಡಿಲಲ್ಲಿಯೇ ತೀರಿಕೊಂಡರೂ ಆಕೆ ಅಳುತ್ತಾ ಮನೆಯಲ್ಲಿ ಕೂಡ್ರಲಿಲ್ಲ. ಕತ್ತೆಗೆ ತಡಿ ಹಾಕಿಸಿ, ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಎಲೀಷನ ಬಳಿಗೆ ಹೋದಳು. ಆಕೆಯ ವಿಶ್ವಾಸವು ಆಕೆಯ ಕಾಲುಗಳನ್ನು ಕಟ್ಟಿಹಾಕಲಿಲ್ಲ, ತ್ವರೆಪಡಿಸಿತು. ನಾವೂ ಪ್ರಾರ್ಥಿಸುತ್ತಲೇ ಎದ್ದು ಹೊರಡೋಣ.